ರೇಟು ಆಮೇಲೆ ಕೇಳಿ, ಓದುವವರು ಎಲ್ಲಿದ್ದಾರೆ ಹೇಳಿ

ಕಾಸರಗೋಡಿನ ಸುತ್ತಮುತ್ತ ಬ್ಲಾಗ್ ಬರೆಯುವವರಿಗೆ ಜಾಹೀರಾತು ಜೋಡಿಸಿ ಕೊಡುವುದು ನನ್ನ ಕೆಲಸ. ಅಡಿಕೆ ಕೃಷಿ, ಯಕ್ಷಗಾನ, ಹವ್ಯಕ ಅಡುಗೆ ಹೀಗೆ ಒಂದೊಂದೇ ವಿಷಯ ಹಿಡಿದು ಬರೆಯುವವರು ಬರುತ್ತಾರೆ. ಮೊದಲ ಪ್ರಶ್ನೆ ಮಾತ್ರ ಎಲ್ಲರದ್ದೂ ಒಂದೇ. "ಸಾವಿರ ವ್ಯೂಗೆ ಜಾಸ್ತಿ ಕೊಡುವ ನೆಟ್‌ವರ್ಕ್ ಯಾವುದು ಮಾರಾಯ್ರೆ?"

ಜಾಹೀರಾತು ಕೊಡುವವರಿಗೂ ಬ್ಲಾಗಿಗೂ ನಡುವೆ ನಿಲ್ಲುವ ಕಂಪನಿಯೇ ಈ ನೆಟ್‌ವರ್ಕ್. ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ರೇಟು ನೆಟ್‌ವರ್ಕ್‌ನದ್ದಲ್ಲ, ಓದುಗನದ್ದು. ಜಾಹೀರಾತು ಕೊಡುವವನು ದುಡ್ಡು ಹಾಕುವುದು ನಿಮ್ಮ ಬರಹಕ್ಕಲ್ಲ, ಅದನ್ನು ಓದುವ ಮನುಷ್ಯನಿಗೆ. ಆತ ಯಾವ ಊರಿನಲ್ಲಿ ಕೂತಿದ್ದಾನೆ, ಏನು ಹುಡುಕಿಕೊಂಡು ಬಂದ, ಏನನ್ನು ಕೊಳ್ಳಬಹುದು, ಇಷ್ಟೇ ಅವನಿಗೆ ಬೇಕು. ಅಮೆರಿಕದ ಅಡುಗೆ ಬ್ಲಾಗಿನವರು ತಿಂಗಳಿಗೆ ಇಷ್ಟು ಡಾಲರ್ ಬಂತು ಎಂದು ಹಾಕಿದ ಚಿತ್ರ ನೋಡಿ ಅದೇ ನೆಟ್‌ವರ್ಕ್ ಬೇಕು ಅನ್ನುವುದು, ಶಿವಮೊಗ್ಗದ ಕೆಂಪಡಿಕೆ ರೇಟು ನೋಡಿ ನಮ್ಮ ಚಾಲಿಗೂ (ಬಿಸಿಲಲ್ಲಿ ಒಣಗಿಸಿದ ಬಿಳಿ ಅಡಿಕೆಗೂ) ಅದೇ ಸಿಗುತ್ತದೆ ಎಂದು ಲೆಕ್ಕ ಹಾಕಿದ ಹಾಗೆ. ಅದೂ ಅಡಿಕೆಯೇ, ಇದೂ ಅಡಿಕೆಯೇ, ಆದರೆ ಕೊಳ್ಳುವವನು ಬೇರೆ ಅಲ್ವಾ? ಕೆಲವು ದೊಡ್ಡ ನೆಟ್‌ವರ್ಕ್‌ಗಳಂತೂ ಅರ್ಧಕ್ಕಿಂತ ಜಾಸ್ತಿ ಓದುಗರು ಅಮೆರಿಕ, ಬ್ರಿಟನ್, ಕೆನಡಾದಂಥ ದೇಶಗಳಲ್ಲೇ ಇರಬೇಕು ಎಂದು ಮೊದಲೇ ಹೇಳುತ್ತವೆ. ನಮ್ಮ ಜಿಲ್ಲೆಯ ಪೆರ್ಲ, ಬದಿಯಡ್ಕದ ಓದುಗರನ್ನು ಇಟ್ಟುಕೊಂಡು ಅಲ್ಲಿ ಅರ್ಜಿ ಹಾಕಿದರೆ ಸುಮ್ನೆ ಸಮಯ ಹಾಳು.

ನಮ್ಮ ಜಿಲ್ಲೆಗೆ ಇನ್ನೊಂದು ತೊಡಕು ಉಂಟು. ಬೆಂಗಳೂರಿನ ಕಂಪನಿ 'ಕರ್ನಾಟಕ' ಎಂದು ಆರಿಸಿ ಜಾಹೀರಾತು ಬಿಟ್ಟರೆ ಕನ್ನಡ ಓದುವ ಕಾಸರಗೋಡಿನವರು ಅದರ ಲೆಕ್ಕಕ್ಕೇ ಬರುವುದಿಲ್ಲ. 1956ರಿಂದ ನಾವು ಕೇರಳದಲ್ಲಿದ್ದೇವೆ, ಯಂತ್ರಕ್ಕೆ ಗೊತ್ತಿರುವುದು ಅದು. ಹಾಗಾಗಿ ಕನ್ನಡ ಬರಹದ ನಡುವೆ ಮಲಯಾಳದ ಚಿನ್ನದಂಗಡಿ ಬಂದು ಕೂರುತ್ತದೆ. ಅದು ತಪ್ಪೇನಲ್ಲ, ನಮ್ಮಲ್ಲಿ ಹೆಚ್ಚಿನವರಿಗೆ ಮಲಯಾಳವೂ ಬರುತ್ತದೆ, ಆ ಜಾಹೀರಾತು ಒತ್ತುವವರೂ ಇದ್ದಾರೆ. ಆದರೆ ನಿಮ್ಮ ಓದುಗರಲ್ಲಿ ಎಷ್ಟು ಜನ ಗಡಿಯ ಈಚೆ, ಎಷ್ಟು ಜನ ಪುತ್ತೂರು-ಮಂಗಳೂರಿನ ಕಡೆ, ಎಷ್ಟು ಜನ ದುಬೈಯಲ್ಲಿ ಎಂದು ತಿಳಿಯದೆ ನೆಟ್‌ವರ್ಕ್ ಆರಿಸುವುದು ಹೇಗೆ? ಬ್ಲಾಗಿಗೆ ಎಷ್ಟು ಜನ, ಎಲ್ಲಿಂದ ಬಂದರು ಎಂದು ಲೆಕ್ಕ ಇಡುವ ಅನಲಿಟಿಕ್ಸ್‌ನಲ್ಲಿ ಊರಿನ ಪಟ್ಟಿ ಇರುತ್ತದೆ. ಮೊಬೈಲ್ ಇಂಟರ್ನೆಟ್‌ನಲ್ಲಿ ಊರು ಒಮ್ಮೊಮ್ಮೆ ತಪ್ಪಾಗಿ ತೋರಿಸುತ್ತದೆ, ಆದ್ದರಿಂದ ಒಂದು ವಾರದ್ದಲ್ಲ, ಮೂರು ತಿಂಗಳದ್ದು ನೋಡಿ.

ಭಾಷೆಯನ್ನೂ ನೋಡಿ. ಗೂಗಲ್‌ನ ಜಾಹೀರಾತು ನೆಟ್‌ವರ್ಕ್ ಆದ ಆಡ್‌ಸೆನ್ಸ್ ಹಿಂದಿಗೆ ಬಾಗಿಲು ತೆರೆದದ್ದು 2014ರಲ್ಲಿ, ಕನ್ನಡದ ಸರದಿ ಅದಾದ ಮೇಲೆ ಬಂತು. ಕನ್ನಡ ಪಟ್ಟಿಯಲ್ಲೇ ಇಲ್ಲದ ನೆಟ್‌ವರ್ಕ್‌ಗೆ ನಿಮ್ಮ ಪುಟದಲ್ಲಿ ಏನಿದೆ ಎಂದು ಸರಿಯಾಗಿ ತಿಳಿಯುವುದಿಲ್ಲ, ಸಿಕ್ಕಿದ್ದನ್ನು ತಂದು ಹಾಕುತ್ತದೆ.

ಅಡಿಕೆ ತೋಟದ ಬಗ್ಗೆ ತುಂಬ ಚೆನ್ನಾಗಿ ಬರೆಯುವ ಒಬ್ಬರು ಇದ್ದಾರೆ. ಯಾರೋ ಹೇಳಿದರೆಂದು, ಜಾಸ್ತಿ ರೇಟಿನ ಆಸೆಗೆ, ಪುಟದ ಮೇಲೆ ಹಾರಿ ಬರುವ ಜಾಹೀರಾತು ಹಾಕುವ ಒಂದು ನೆಟ್‌ವರ್ಕ್ ಸೇರಿಕೊಂಡರು. ಆಗ ಜುಲೈ, ಕೊಳೆರೋಗದ ಸಮಯ. ಜನ ತೋಟದಲ್ಲೇ ನಿಂತು, ಒದ್ದೆ ಕೈಯಲ್ಲಿ ಮೊಬೈಲ್ ಹಿಡಿದು, ಆ ರೋಗಕ್ಕೆ ಬಿಡುವ ಮದ್ದಾದ ಬೋರ್ಡೋ ದ್ರಾವಣದ ಅಳತೆ ನೋಡುತ್ತಿದ್ದರು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಎಂಬ ಸಾಲಿನ ಮೇಲೇ ರಮ್ಮಿ ಆಟ ಬಂದು ಕೂತಿತು. ಒಬ್ಬ ಹಿರಿಯ ಕೃಷಿಕರು ಅವರಿಗೆ ಫೋನ್ ಮಾಡಿ, "ನಿಮ್ಮನ್ನು ನಂಬಿ ತೆರೆದೆ, ಇಸ್ಪೀಟು ಬಂತಲ್ಲ ಮಾರಾಯ್ರೆ" ಅಂದರಂತೆ. ಅದನ್ನು ನನಗೆ ಹೇಳುವಾಗ ಅವರ ಧ್ವನಿಯೇ ಅಡಗಿಹೋಗಿತ್ತು. ನನಗೂ ಸಂಕಟವಾಯಿತು, ಯಾಕೆಂದರೆ ಆ ನಂಬಿಕೆ ಅವರು ವರ್ಷಗಟ್ಟಲೆ ಬರೆದು ಗಳಿಸಿದ್ದು.

ಅದನ್ನು ತೆಗೆದು ಆಡ್‌ಸೆನ್ಸ್ ಹಾಕಿದೆವು. ಇಸ್ಪೀಟಿನಂಥ ಬೇಡದ ಜಾಹೀರಾತಿನ ವಿಭಾಗಗಳನ್ನು ಮುಚ್ಚಿದೆವು. ಮನೆಯವರು ಯಾರೂ ಜಾಹೀರಾತು ಒತ್ತಬಾರದು ಎಂದು ಎರಡೆರಡು ಸಲ ಹೇಳಿದೆ, ಅದರಿಂದ ಖಾತೆಯೇ ಹೋಗಬಹುದು. ಅವರ ಓದುಗರು ಹೆಚ್ಚಿನವರು ತೋಟ ಇರುವವರೇ ಆದ್ದರಿಂದ, ಮದ್ದು ಬಿಡುವ ಪಂಪು ಮಾರುವ ಒಂದು ಅಂಗಡಿಯವರನ್ನು ನೇರವಾಗಿ ಕೇಳಲು ಹೇಳಿದೆ. ಎಲ್ಲರಿಗೂ ಇದು ಆಗಿಬರುತ್ತದೆ ಎಂದು ನಾನು ಹೇಳುವುದಿಲ್ಲ, ಯಕ್ಷಗಾನದ ಬ್ಲಾಗಿಗೆ ಪಂಪಿನ ಅಂಗಡಿ ಯಾಕೆ ಬರುತ್ತದೆ? ಇವರಿಗೆ ಆಗಿಬಂತು. ಮೇ ತಿಂಗಳಿಂದ ಸೆಪ್ಟೆಂಬರ್ ತನಕ, ಮದ್ದು ಬಿಡುವ ಕಾಲಕ್ಕೆ ಸರಿಯಾಗಿ, ತಿಂಗಳಿಗೆ ಇಂತಿಷ್ಟು ಎಂದು ಮಾತಾಡಿಕೊಂಡಿದ್ದಾರೆ.