ಸೀಸೆಯ ಮೇಲಿನ ಹೆಸರು ನಂಬಿ ಇಪ್ಪತ್ತು ವರ್ಷ: ಇಆರ್-ಬೀಟಾ ಆ್ಯಂಟಿಬಾಡಿಗಳ ಗೋಜಲು

ಸ್ತನ ಕ್ಯಾನ್ಸರ್ ಗಡ್ಡೆಯಲ್ಲಿ ಇಆರ್-ಬೀಟಾ (ಈಸ್ಟ್ರೋಜೆನ್ ರಿಸೆಪ್ಟರ್, ಅಂದರೆ ಈಸ್ಟ್ರೋಜೆನ್ ಗ್ರಾಹಕ, ಬೀಟಾ) ಎಂಬ ಪ್ರೋಟೀನ್ ಇದೆಯೋ ಇಲ್ಲವೋ? ಕೇಳಲು ಸುಲಭದ ಪ್ರಶ್ನೆ. ಆದರೆ ಒಂದು ಸಂಶೋಧನಾ ಲೇಖನ ಇದೆ ಎಂದರೆ ಇನ್ನೊಂದು ಇಲ್ಲ ಎಂದಿತು. ಇದ್ದರೆ ರೋಗಿಗೆ ಒಳ್ಳೆಯದು ಎಂದವರೂ ಇದ್ದರು, ಕೆಟ್ಟದ್ದು ಎಂದವರೂ ಇದ್ದರು. ಈ ಜಗಳದ ಬೇರು ಸಿಕ್ಕಿದ್ದು ಲ್ಯಾಬ್ ಫ್ರೀಜರಿನಲ್ಲಿದ್ದ ಕಿರುಬೆರಳಿನಷ್ಟು ಸೀಸೆಗಳಲ್ಲಿ. ಅವುಗಳಲ್ಲಿದ್ದದ್ದು ಆ್ಯಂಟಿಬಾಡಿ: ಒಂದು ಪ್ರೋಟೀನಿಗೆ ಮಾತ್ರ ಅಂಟಿಕೊಂಡು ಅದನ್ನು ತೋರಿಸಿಕೊಡಬೇಕಾದ ಅಣು.

ಹಳೆಯ ಕಥೆ ಬೇಗ ಮುಗಿಸೋಣ. 1950ರ ದಶಕದ ಕೊನೆಯಲ್ಲಿ ಷಿಕಾಗೋದ ಎಲ್‌ವುಡ್ ಜೆನ್ಸನ್ ಈಸ್ಟ್ರೋಜೆನ್ ಹಾರ್ಮೋನನ್ನು ಹಿಡಿದುಕೊಳ್ಳುವ ಗ್ರಾಹಕವನ್ನು ಗುರುತಿಸಿದರು. 1975ರಲ್ಲಿ ಕೇಂಬ್ರಿಜ್‌ನ ಕೋಲರ್ ಮತ್ತು ಮಿಲ್‌ಸ್ಟೈನ್ ಒಂದೇ ತಳಿಯ ಆ್ಯಂಟಿಬಾಡಿಯನ್ನು ಬೇಕಾದಷ್ಟು ಬೆಳೆಸುವ ದಾರಿ ತೋರಿಸಿದರು. 1996ರಲ್ಲಿ ಸ್ವೀಡನ್ನಿನ ಯಾನ್-ಓಕೆ ಗುಸ್ತಾಫ್ಸನ್ ತಂಡಕ್ಕೆ ಇಲಿಯ ಪ್ರಾಸ್ಟೇಟ್‌ನಲ್ಲಿ ಎರಡನೇ ಗ್ರಾಹಕ ಸಿಕ್ಕಿತು. ಮೊದಲಿನದು ಆಲ್ಫಾ ಆಯಿತು, ಇದು ಬೀಟಾ. ಎರಡರ ಕೆಲಸವೂ ಒಂದೇ ಬಗೆಯದು: ಹಾರ್ಮೋನ್ ಬಂದು ಅಂಟಿದಾಗ ಡಿಎನ್‌ಎ ಮೇಲೆ ಕೂತು, ಯಾವ ಜೀನಿನಿಂದ ಆರ್‌ಎನ್‌ಎ ಪ್ರತಿ ತೆಗೆಯಬೇಕು, ಎಷ್ಟು ತೆಗೆಯಬೇಕು ಎಂಬುದನ್ನು ನಿಯಂತ್ರಿಸುವುದು.

ಹೊಸ ಪ್ರೋಟೀನ್ ಬಂತು ಅಂದರೆ ಅದನ್ನು ಪತ್ತೆ ಹಚ್ಚುವ ಆ್ಯಂಟಿಬಾಡಿಯೂ ಬೇಕು. ಬೇಗನೆ ಮಾರುಕಟ್ಟೆಗೆ ಬಂದವು, ಜಾಸ್ತಿಯೇ ಬಂದವು. ತೊಡಕು ಇಲ್ಲೇ ಶುರು. ಇಂಥ ಪ್ರೋಟೀನ್‌ಗಳು ಕೋಶದಲ್ಲಿ ಇರುವುದೇ ಚೂರು. ಆ್ಯಂಟಿಬಾಡಿ ಬೇರೆ ಯಾವುದೋ ಪ್ರೋಟೀನಿಗೆ ಸ್ವಲ್ಪ ಅಂಟಿದರೂ, ಆ ಪ್ರೋಟೀನ್ ರಾಶಿ ಇದ್ದರೆ ಕಾಣುವುದೆಲ್ಲ ಅದೇ.

ವೆಸ್ಟರ್ನ್ ಬ್ಲಾಟ್ (ಪ್ರೋಟೀನ್‌ಗಳನ್ನು ತೂಕದ ಪ್ರಕಾರ ಬೇರ್ಪಡಿಸಿ ಆ್ಯಂಟಿಬಾಡಿಯಿಂದ ಗುರುತಿಸುವ ಪರೀಕ್ಷೆ) ಮಾಡಿದವರಿಗೆ ಇದು ಗೊತ್ತು. ಜೆಲ್ ಓಡಿಸಿ, ಪ್ರೋಟೀನನ್ನು ತೆಳು ಪೊರೆಗೆ ಇಳಿಸಿ, ಅದನ್ನು ಕೆನೆ ತೆಗೆದ ಹಾಲಿನ ಪುಡಿಯ ನೀರಿನಲ್ಲಿ ನೆನೆಸಬೇಕು (ಹೌದು, ಹಾಲಿನ ಪುಡಿಯೇ!). ಆಮೇಲೆ ಆ್ಯಂಟಿಬಾಡಿ ಹಾಕಿ ರಾತ್ರಿಯಿಡೀ ಕೋಲ್ಡ್ ರೂಮಿನಲ್ಲಿ ಅಲುಗಾಡಲು ಬಿಡಬೇಕು. ಮಾರನೇ ದಿನ ಕಪ್ಪು ಬ್ಯಾಂಡ್ ಮೂಡುತ್ತದೆ. ಇಆರ್-ಬೀಟಾದ ತೂಕ ಸುಮಾರು 59 ಕಿಲೋಡಾಲ್ಟನ್ (ಅಣುಗಳ ತೂಕದ ಅಳತೆ). ಅದರ ಆಸುಪಾಸಿನಲ್ಲಿ ಬ್ಯಾಂಡ್ ಬಂದರೆ 'ಬಂತು' ಅಂತ ಕುಣಿಯುತ್ತೇವೆ. ಅಷ್ಟೇ ತೂಕದ ಪ್ರೋಟೀನ್‌ಗಳು ಕೋಶದಲ್ಲಿ ಇನ್ನೆಷ್ಟೋ ಇವೆ ಅಲ್ವಾ ಎಂಬುದು ಆ ಹೊತ್ತಿಗೆ ನೆನಪಾಗುವುದಿಲ್ಲ. ನಾನೂ ಕುಣಿದವನೇ. ಬೇರೊಂದು ಪ್ರೋಟೀನ್, ಮೂರು ತಿಂಗಳ ಕೆಲಸ. ಕೊನೆಗೆ ಆ ಜೀನನ್ನೇ ತೆಗೆದುಹಾಕಿದ ಕೋಶಗಳನ್ನು ತರಿಸಿ ಬ್ಲಾಟ್ ಮಾಡಿದೆ. ಬ್ಯಾಂಡ್ ಇದ್ದ ಜಾಗದಲ್ಲೇ ಇತ್ತು.

ಇಆರ್-ಬೀಟಾಗೆ ಇಂಥ ಪರೀಕ್ಷೆ ದೊಡ್ಡ ಮಟ್ಟದಲ್ಲಿ ಆಗಿದ್ದು 2017ರಲ್ಲಿ. ಸ್ವೀಡನ್ನಿನ ಸಂಶೋಧಕರು 13 ಆ್ಯಂಟಿಬಾಡಿಗಳನ್ನು ಸಾಲಾಗಿ ಪರೀಕ್ಷಿಸಿದರು. ಅಂಗಾಂಶದ ತುಣುಕಿನಲ್ಲಿ ಇಆರ್-ಬೀಟಾವನ್ನು ಮಾತ್ರ ಹಿಡಿದದ್ದು ಒಂದೇ ಒಂದು: ಪಿಪಿಝಡ್0506. ಅದೂ ಅಪರೂಪಕ್ಕೆ ಯಾರೋ ಬಳಸುತ್ತಿದ್ದ ಆ್ಯಂಟಿಬಾಡಿ. ಅದನ್ನೇ ಹಿಡಿದು 44 ಬಗೆಯ ಆರೋಗ್ಯವಂತ ಅಂಗಾಂಶ, 21 ಬಗೆಯ ಕ್ಯಾನ್ಸರ್ ಅಂಗಾಂಶಗಳಲ್ಲಿ ಹುಡುಕಿದರು. ವೃಷಣ, ಅಂಡಾಶಯ, ಲಿಂಫಾಯ್ಡ್ ಕೋಶಗಳಲ್ಲಿ ಪ್ರೋಟೀನ್ ಸಿಕ್ಕಿತು. ಕೆಲವು ಮೆಲನೋಮಾ ಮತ್ತು ಥೈರಾಯ್ಡ್ ಕ್ಯಾನ್ಸರ್‌ಗಳಲ್ಲೂ ಸಿಕ್ಕಿತು. ಸ್ತನದಲ್ಲಿ ಮಾತ್ರ, ಕ್ಯಾನ್ಸರ್ ಇರಲಿ ಬಿಡಲಿ, ಸುಳಿವೇ ಇಲ್ಲ. ಆರ್‌ಎನ್‌ಎ ಲೆಕ್ಕವೂ ಇದಕ್ಕೆ ತಾಳೆಯಾಯಿತು. ಹಳೆಯ ಲೇಖನಗಳ ದೊಡ್ಡ ಕಂತೆಯೇ ತಾಳೆಯಾಗಲಿಲ್ಲ.

ಓದುವವರು ಗಾಬರಿಯಾಗುವುದು ಬೇಡ. ಆಸ್ಪತ್ರೆಯ 'ಇಆರ್ ಪಾಸಿಟಿವ್' ವರದಿ ಆಲ್ಫಾ ಗ್ರಾಹಕದ್ದು. ಹಾರ್ಮೋನ್ ಚಿಕಿತ್ಸೆ ನಿರ್ಧಾರವಾಗುವುದು ಅದರ ಮೇಲೆ. ಇಲ್ಲಿನ ತಕರಾರು ಬೀಟಾ ಬಗ್ಗೆ.

ಇಷ್ಟು ವರ್ಷ ಯಾರೂ ಯಾಕೆ ನೋಡಲಿಲ್ಲ? ಮಾರುವವರು ಪರೀಕ್ಷಿಸಿದ್ದೇವೆ ಎಂದರು. ಕೊಳ್ಳುವವರು, ಹಿಂದಿನ ಲೇಖನದಲ್ಲಿ ಇದನ್ನೇ ಬಳಸಿದ್ದಾರಲ್ಲ ಎಂದರು. ಪ್ರಕಟಣೆಗೆ ಮುನ್ನ ಲೇಖನ ಓದುವ ವಿಮರ್ಶಕರಿಗೆ ಬ್ಯಾಂಡ್ ಕಂಡಿತು. ಸೀಸೆಯಲ್ಲಿರುವುದು ಸರಿಯೇ ಎಂದು ನೋಡುವ ಕೆಲಸಕ್ಕೆ ಹಣವೂ ಇರಲಿಲ್ಲ, ಹೆಸರೂ ಬರುತ್ತಿರಲಿಲ್ಲ. ಸುಮ್ನೆ ಒಂದು ಕಂಟ್ರೋಲ್ (ಹೋಲಿಸಿ ನೋಡುವ ಪರೀಕ್ಷೆ) ಹಾಕಿದ್ದರೆ ಎಷ್ಟೋ ಉಳಿಯುತ್ತಿತ್ತು ಎಂದು ಈಗ ಹೇಳುವುದು ಸುಲಭ. ಆದರೆ ಆ ಕಂಟ್ರೋಲಿಗೆ ಜೀನ್ ಇಲ್ಲದ ಕೋಶ ಬೇಕು, ಅದನ್ನು ಮಾಡುವುದು ಜೀನ್ ಕತ್ತರಿಸುವ ಕ್ರಿಸ್ಪರ್ ತಂತ್ರ ಬರುವ ತನಕ ಸಲೀಸಾಗಿರಲಿಲ್ಲ.

ಬೀಟಾ ಒಂದೇ ಹೀಗಲ್ಲ. ಕೆಟ್ಟ ಆ್ಯಂಟಿಬಾಡಿಗಳಿಗೆ ಜಗತ್ತಿನಾದ್ಯಂತ ವರ್ಷಕ್ಕೆ ಸುಮಾರು 80 ಕೋಟಿ ಡಾಲರ್ ಪೋಲಾಗುತ್ತಿದೆ ಎಂದು 2015ರಲ್ಲಿ ನೂರಕ್ಕೂ ಹೆಚ್ಚು ವಿಜ್ಞಾನಿಗಳು ಸಹಿ ಹಾಕಿ ಬರೆದರು. 2023ರಲ್ಲಿ ಕೆನಡಾ ಮೂಲದ ವೈಕ್ಯಾರೋಸ್ ಗುಂಪು 65 ಪ್ರೋಟೀನ್‌ಗಳ 614 ಆ್ಯಂಟಿಬಾಡಿಗಳ ಫಲಿತಾಂಶ ಹೊರಹಾಕಿತು. ಅರ್ಧಕ್ಕಿಂತ ಹೆಚ್ಚಿನವು ಒಂದಲ್ಲ ಒಂದು ಪರೀಕ್ಷೆಯಲ್ಲಿ ಸೋತಿದ್ದವು. ಈ ಸಲ ಕಂಪನಿಗಳೂ ಕೈಜೋಡಿಸಿದ್ದವು, ಸೋತ ಕೆಲವನ್ನು ಮಾರಾಟದಿಂದ ತೆಗೆದವು.

ಹಳೆಯ ಇಆರ್-ಬೀಟಾ ಲೇಖನಗಳು ಈಗಲೂ ಹುಡುಕಿದರೆ ಸಿಗುತ್ತವೆ. ಅಂಥದ್ದು ಕೈಗೆ ಬಂದರೆ ನಾನು ಮೊದಲು ವಿಧಾನಗಳ ಭಾಗಕ್ಕೆ ಹೋಗಿ ಆ್ಯಂಟಿಬಾಡಿಯ ಹೆಸರು, ನಂಬರು ಹುಡುಕುತ್ತೇನೆ. ಕೆಲವದರಲ್ಲಿ ಕಂಪನಿಯ ಹೆಸರು ಮಾತ್ರ ಇರುತ್ತದೆ.