ಪದ ಪರಿಚಯ: ಸಂದಿಗ್ಧ ಶಾರ್ಟ್‌ಕಟ್

2023ರ ಡಿಸೆಂಬರ್‌ವರೆಗೆ ಮುಂಬೈನ ದಾದರ್ ರೈಲು ನಿಲ್ದಾಣದಲ್ಲಿ ಒಂದನೇ ನಂಬರಿನ ಪ್ಲಾಟ್‌ಫಾರ್ಮ್‌ಗಳು ಎರಡಿದ್ದವು. ಒಂದು ಪಶ್ಚಿಮ ರೈಲ್ವೆಯದು, ಇನ್ನೊಂದು ಮಧ್ಯ ರೈಲ್ವೆಯದು. ಊರಿನಿಂದ ಬಂದ ನೆಂಟರಿಗೆ ಫೋನಿನಲ್ಲಿ "ಒಂದನೇ ನಂಬರಿನಲ್ಲಿ ನಿಂತಿರಿ, ಬಂದೆ" ಎಂದು ಹೇಳಿ, ಆಮೇಲೆ ಸೇತುವೆಯ ಮೇಲೆ ಅತ್ತಿಂದಿತ್ತ ಓಡಾಡಿದ ಮುಂಬೈ ಕನ್ನಡಿಗ ನಾನೊಬ್ಬನೇ ಆಗಿರಲಾರೆ. ನಾನು ಹೇಳಿದ್ದು ಸ್ಪಷ್ಟವಾಗಿಯೇ ಇತ್ತು, ಅವರಿಗೆ ಕೇಳಿಸಿದ್ದೂ ಸ್ಪಷ್ಟವಾಗಿಯೇ. ಒಂದು ಹೆಸರಿಗೆ ಓಗೊಡುವವರು ಇಬ್ಬರಿದ್ದರು, ಅಷ್ಟೇ.

ಕಂಪ್ಯೂಟರಿನಲ್ಲಿ ಬರೆಯಲು, ತಿದ್ದಲು ಬಳಸುವ ಪಠ್ಯ ಸಂಪಾದಕ ತಂತ್ರಾಂಶದಲ್ಲಿ, ಮೌಸ್ ಮುಟ್ಟದೆ ಒಂದು ಆದೇಶ ನಡೆಸುವ ಕೀಲಿಗೆ ಶಾರ್ಟ್‌ಕಟ್ ಎಂದು ಹೆಸರು. ಒಂದೇ ಕೀಲಿಗೆ ಹೀಗೆ ಎರಡು ಆದೇಶಗಳು ಓಗೊಟ್ಟರೆ ಅದನ್ನು ಆಂಬಿಗ್ಯುಯಸ್ ಶಾರ್ಟ್‌ಕಟ್ ಎನ್ನುತ್ತಾರೆ. ಕನ್ನಡದಲ್ಲಿ 'ಅಸ್ಪಷ್ಟ' ಎಂದರೆ ಸಾಕಲ್ಲವೇ ಎಂದು ಯಾರಿಗಾದರೂ ಅನ್ನಿಸಬಹುದು. ಸಾಲದು. ಅಸ್ಪಷ್ಟ ಎಂದರೆ ಮಸುಕಾದದ್ದು. ಇಲ್ಲಿ ಎರಡೂ ಅರ್ಥಗಳು ನಿಚ್ಚಳವಾಗಿವೆ, ಯಾವುದನ್ನು ಹಿಡಿಯಬೇಕು ಎನ್ನುವುದೇ ತೊಡಕು. 'ದ್ವಂದ್ವಾರ್ಥ' ಹತ್ತಿರ ಬರುತ್ತದೆ, ಆದರೆ ಆ ಮಾತು ಕೇಳಿದೊಡನೆ ನಾಟಕದ ಹಾಸ್ಯಪ್ರಸಂಗವೇ ಕಣ್ಣ ಮುಂದೆ ಬರುತ್ತದೆ. ಆದ್ದರಿಂದ ನನ್ನ ಓಟು 'ಸಂದಿಗ್ಧ'ಕ್ಕೆ.

ಈ ಸಂದಿಗ್ಧದಲ್ಲಿ ಎರಡು ಬಗೆ. ಮೊದಲನೆಯದು ನೇರ ಡಿಕ್ಕಿ. ಕಡತ ಉಳಿಸಲು ಕಂಟ್ರೋಲ್-ಎಸ್ ಇದೆ, ಹೊಸದಾಗಿ ಹಾಕಿಕೊಂಡ ಪ್ಲಗಿನ್ (ಸಂಪಾದಕಕ್ಕೆ ಅಂಟಿಸುವ ಪುಟ್ಟ ಉಪತಂತ್ರಾಂಶ) ಕೂಡ ಅದನ್ನೇ ಕೇಳುತ್ತದೆ. ಆಗ ಏನಾಗಬೇಕು? ತಂತ್ರಾಂಶ ಕಟ್ಟುವವರಿಗೆ ಸಿದ್ಧ ಸಾಮಗ್ರಿ ಒದಗಿಸುವ ಕ್ಯೂಟ್ (Qt) ಎಂಬ ಚೌಕಟ್ಟಿನಲ್ಲಿ ಕಟ್ಟಿದ ತಂತ್ರಾಂಶಗಳಲ್ಲಿ ಸಾಮಾನ್ಯವಾಗಿ ಎರಡೂ ನಡೆಯುವುದಿಲ್ಲ. 'ಆಂಬಿಗ್ಯುಯಸ್ ಶಾರ್ಟ್‌ಕಟ್ ಓವರ್‌ಲೋಡ್' ಎಂಬ ಎಚ್ಚರಿಕೆ ತಂತ್ರಾಂಶ ತನ್ನ ಪಾಡಿಗೆ ಬರೆದಿಡುವ ದಾಖಲೆಯಲ್ಲಿ ಎಲ್ಲೋ ಮೂಡುತ್ತದೆ. ಕೀಲಿ ಒತ್ತುತ್ತಿರುವವರಿಗೆ ಅದು ಕಾಣುವುದಿಲ್ಲ. ಅವರು ಕೀಲಿಮಣೆ ಕೆಟ್ಟಿತೆಂದು ತಿಳಿದು ಇನ್ನೂ ಜೋರಾಗಿ ಒತ್ತುತ್ತಾರೆ. ತಪ್ಪು ಆದೇಶ ನಡೆಸುವುದಕ್ಕಿಂತ ಸುಮ್ಮನಿರುವುದು ಮೇಲು ಎಂಬ ವಾದ ನನಗೂ ಗೊತ್ತು. ಆದರೆ ಬಾಯಿಬಿಟ್ಟು ಹೇಳದ ಮೌನ ಬರೀ ಸೊಕ್ಕು.

ವಿಎಸ್ ಕೋಡ್ ಎಂಬ ಸಂಪಾದಕ ಹಾಗಲ್ಲ. ಅದು ಕೀಲಿಗಳ ನಿಯಮಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ನೋಡುತ್ತಾ ಹೋಗಿ, ಮೊದಲು ಹೊಂದಿದ್ದನ್ನು ನಡೆಸುತ್ತದೆ. ಬಳಕೆದಾರರ ನಿಯಮಗಳು ಪಟ್ಟಿಯ ಕೊನೆಯಲ್ಲಿ ಸೇರುವುದರಿಂದ ಗೆಲುವು ಅವರದೇ. ಎರಡು ಸೂತ್ರಗಳು ಒಂದೇ ಕಡೆ ಅನ್ವಯಿಸಿದರೆ ಮುಂದಿನದು ನಡೆಯಲಿ ಎಂಬ ಪಾಣಿನಿಯ ಏರ್ಪಾಟು ಸಂಸ್ಕೃತ ವ್ಯಾಕರಣ ಓದಿದವರಿಗೆ ನೆನಪಾದರೆ ಆಶ್ಚರ್ಯವಿಲ್ಲ. ಇದರ ಜೊತೆಗೆ ಪ್ರತಿ ನಿಯಮಕ್ಕೂ 'ಯಾವಾಗ' ಎಂಬ ಷರತ್ತು ಸೇರಿಸಬಹುದು: ಕರ್ಸರ್ ಬರವಣಿಗೆಯಲ್ಲಿದ್ದಾಗ ಒಂದು ಕೆಲಸ, ಹುಡುಕುವ ಪೆಟ್ಟಿಗೆಯಲ್ಲಿದ್ದಾಗ ಇನ್ನೊಂದು.

ಎರಡನೆಯ ಬಗೆ ಹೆಚ್ಚು ಸ್ವಾರಸ್ಯದ್ದು. ಇಲ್ಲಿ ಕೀಲಿಗಳು ಡಿಕ್ಕಿ ಹೊಡೆಯುವುದಿಲ್ಲ. ಒಂದು ಮತ್ತೊಂದರ ಮೊದಲ ಭಾಗವಾಗಿರುತ್ತದೆ. ವಿಮ್ ಎಂಬ ಇನ್ನೊಂದು ಸಂಪಾದಕದಲ್ಲಿ ಅಲ್ಪವಿರಾಮದ ಕೀಲಿಗೆ ಒಂದು ಕೆಲಸ, ಅಲ್ಪವಿರಾಮ ಮತ್ತು ಡಬ್ಲ್ಯೂಗೆ ಇನ್ನೊಂದು ಕೆಲಸ ಕೊಟ್ಟಿದ್ದೀರಿ ಎನ್ನಿ. ಅಲ್ಪವಿರಾಮ ಒತ್ತಿದಿರಿ. ಮಾತು ಮುಗಿಯಿತೋ, ಇನ್ನೂ ಇದೆಯೋ? ವಿಮ್ ಕಾಯುತ್ತದೆ, ನೀವೇ ಬದಲಿಸದಿದ್ದರೆ 1000 ಮಿಲಿಸೆಕೆಂಡು. ಒಂದು ಸೆಕೆಂಡು ಎಂದರೆ ಏನೂ ಅಲ್ಲ ಅನ್ನಿಸುತ್ತದೆ, ದಿನಕ್ಕೆ ಇನ್ನೂರು ಸಲ ಕಾದು ನೋಡಿದಾಗ ಅದರ ಉದ್ದ ತಿಳಿಯುತ್ತದೆ. ಈಮ್ಯಾಕ್ಸ್ ಎಂಬ ಸಂಪಾದಕ ಈ ಜಗಳವನ್ನು ಹುಟ್ಟಲೇ ಬಿಡುವುದಿಲ್ಲ: ಒಂದು ಕೀಲಿನಕ್ಷೆಯಲ್ಲಿ (ಯಾವ ಕೀಲಿಗೆ ಯಾವ ಕೆಲಸ ಎಂಬ ಪಟ್ಟಿಯಲ್ಲಿ) ಒಂದು ಕೀಲಿ ಆದೇಶವಾಗಿರಬೇಕು, ಇಲ್ಲವೇ ಉದ್ದದ ಆದೇಶದ ಮುನ್ನುಡಿಯಾಗಿರಬೇಕು, ಆದೇಶವಾಗಿರುವ ಕೀಲಿಯನ್ನು ಮುನ್ನುಡಿಯಾಗಿಸಲು ಹೊರಟರೆ ತಪ್ಪು ತೋರಿಸಿ ನಿಲ್ಲಿಸುತ್ತದೆ.

ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡುವವರು ಈ ಎರಡನೆಯ ಸಂದಿಗ್ಧವನ್ನು ದಿನವಿಡೀ ದಾಟುತ್ತಿರುತ್ತಾರೆ, ಗಮನಿಸುವುದಿಲ್ಲ ಅಷ್ಟೇ. ಕೆ ಒತ್ತಿದರೆ 'ಕ್' ಮೂಡುತ್ತದೆ. ಎಚ್ ಸೇರಿದರೆ ಅದೇ 'ಖ್' ಆಗುತ್ತದೆ, ಎ ಬಂದರೆ 'ಖ', ಇನ್ನೊಂದು ಎ ಬಂದರೆ 'ಖಾ'. ಯಂತ್ರ ಇಲ್ಲಿ ಕಾಯುವುದಿಲ್ಲ. ಊಹಿಸಿ ಬರೆಯುತ್ತದೆ, ಮುಂದಿನ ಕೀಲಿ ಬಂದಾಗ ಅಳಿಸಿ ತಿದ್ದುತ್ತದೆ. ಆದೇಶಗಳಿಗೆ ಈ ಉಪಾಯ ನಡೆಯದು. 'ಕ್' ಅನ್ನು ಅಳಿಸಬಹುದು. ಉಳಿಸದೆ ಮುಚ್ಚಿಹೋದ ಕಡತವನ್ನೋ ಕಳುಹಿಸಿಬಿಟ್ಟ ಪತ್ರವನ್ನೋ ಹಾಗೆ ವಾಪಸು ತರಲಾಗುವುದಿಲ್ಲ.

ಕೆಲವು ಸಂದಿಗ್ಧಗಳು ಸಂಪಾದಕದ ಕೈಮೀರಿದವು. ಹಳೆಯ ಟರ್ಮಿನಲ್‌ಗಳಲ್ಲಿ (ಕಂಪ್ಯೂಟರಿಗೆ ತಂತಿಯಿಂದ ಜೋಡಿಸಿದ ಕೀಲಿಮಣೆ-ಪರದೆಗಳಲ್ಲಿ) ಕಂಟ್ರೋಲ್ ಹಿಡಿದು ಅಕ್ಷರ ಒತ್ತಿದರೆ ಅದರ ದೊಡ್ಡಕ್ಷರದ ಆಸ್ಕಿ ಸಂಖ್ಯೆಯಿಂದ, ಅಂದರೆ ಅಕ್ಷರಕ್ಕೆ ಕಂಪ್ಯೂಟರಿನಲ್ಲಿರುವ ಅಂಕಿಯಿಂದ, 64 ಕಳೆದುಹೋಗುತ್ತದೆ. ಐ ಅಕ್ಷರದ ಸಂಖ್ಯೆ 73; ಕಳೆದರೆ 9. ಟ್ಯಾಬ್ ಕೀಲಿಯ ಸಂಖ್ಯೆಯೂ 9. ಹಾಗೆಯೇ ಕಂಟ್ರೋಲ್-ಎಮ್ ಮತ್ತು ಎಂಟರ್ ಎರಡೂ 13. ತಂತಿಯಲ್ಲಿ ಬಂದದ್ದು ಒಂದೇ ಅಂಕಿಯಾದಾಗ ಎಂಥ ಜಾಣ ತಂತ್ರಾಂಶವೂ ವ್ಯತ್ಯಾಸ ಹಿಡಿಯಲಾರದು.

ದಾದರ್‌ನಲ್ಲಿ ಕೊನೆಗೆ ಹೆಸರನ್ನೇ ಬದಲಿಸಿದರು: ಪಶ್ಚಿಮದವು 1ರಿಂದ 7 ಆಗಿಯೇ ಉಳಿದು, ಮಧ್ಯ ರೈಲ್ವೆಯವು 8ರಿಂದ 14 ಆದವು. ಕೀಲಿಗಳ ವಿಷಯದಲ್ಲೂ ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ, ಆದರೆ ಬೆರಳುಗಳಿಗೆ ಹಳೆಯ ವಿಳಾಸ ಮರೆಯಲು ದಿನ ಹಿಡಿಯುತ್ತದೆ.

ಮಾಟುಂಗಾದ ಹಿರಿಯ ಗೆಳೆಯರೊಬ್ಬರು ಕನ್ನಡ ಸಂಘದ ಸ್ಮರಣ ಸಂಚಿಕೆಯ ಲೇಖನಗಳನ್ನು ತಾವೇ ಟೈಪ್ ಮಾಡುತ್ತಾರೆ. ಅವರ ಟೈಪಿಂಗ್ ತಂತ್ರಾಂಶದಲ್ಲಿ ಕನ್ನಡಕ್ಕೆ ಹೊರಳಲು ಎಫ್11. ಅವರ ಸಂಪಾದಕದಲ್ಲಿ ಪರದೆ ತುಂಬಿಸಲೂ ಎಫ್11. ಟೈಪಿಂಗ್ ತಂತ್ರಾಂಶ ಚಾಲನೆಯಲ್ಲಿದ್ದರೆ ಕೀಲಿ ಮೊದಲು ಅದರ ಕಿವಿಗೆ ಬೀಳುತ್ತಿತ್ತು, ಹಾಗಾಗಿ ಇನ್ನೊಂದು ಅರ್ಥ ಇರುವುದೇ ಅವರಿಗೆ ತಿಳಿದಿರಲಿಲ್ಲ. ಒಂದು ರಾತ್ರಿ ಲ್ಯಾಪ್‌ಟಾಪ್ ತಾನಾಗಿಯೇ ಮರುಚಾಲನೆಯಾಗಿ ಟೈಪಿಂಗ್ ತಂತ್ರಾಂಶ ಏಳಲಿಲ್ಲ. ಹತ್ತೂವರೆಗೆ ಫೋನ್ ಬಂತು. "ಮಾರಾಯರೇ, ಹನ್ನೊಂದು ಒತ್ತಿದರೆ ಕನ್ನಡ ಬರುವುದಿಲ್ಲ, ಪರದೆ ದೊಡ್ಡದಾಗುತ್ತದೆ!"

ಟೈಪಿಂಗ್ ತಂತ್ರಾಂಶವನ್ನು ತೆರೆಯಲು ಹೇಳಿದೆ. ತೆರೆದರು. ಕನ್ನಡ ಬಂತು. ಐದು ನಿಮಿಷದಲ್ಲಿ ಮತ್ತೆ ಫೋನ್: ಎಫ್11 ಈಗ ಪೂರ್ತಿ ಕನ್ನಡದ ಪಾಲಾಗಿತ್ತು, ದೊಡ್ಡದಾದ ಪರದೆ ಚಿಕ್ಕದಾಗುತ್ತಿರಲಿಲ್ಲ. ಸಂಪಾದಕದ ಆ ಆದೇಶಕ್ಕೆ ಬೇರೆ ಕೀಲಿ ಕೊಡುವುದು ಹೇಗೆಂದು ವಿವರಿಸತೊಡಗಿದೆ. ಅರ್ಧಕ್ಕೇ ತಡೆದರು. "ಇರಲಿ ಬಿಡಿ, ನನ್ನ ಕಣ್ಣಿಗೆ ಹೀಗೇ ಚೆನ್ನಾಗಿ ಕಾಣುತ್ತದೆ."