ತ್ಲಾಷ್ಕಾಲಾದವರನ್ನು ಉತ್ತರದಿಂದ ಹೊರಗಿಡಬೇಡಿ

ಪದವಿ ತರಗತಿಗಳಿಗೆ ಜಗತ್ತಿನ ಇತಿಹಾಸ ಪಾಠ ಮಾಡುವವಳು ನಾನು. ಉತ್ತರಪತ್ರಿಕೆಗಳ ಕಟ್ಟು ಬಿಚ್ಚಿದರೆ ಒಂದು ವಾಕ್ಯ ವರ್ಷವೂ ತಪ್ಪದೆ ಎದುರಾಗುತ್ತದೆ: "ಕೇವಲ ಐನೂರು ಜನ ಸ್ಪೇನಿನವರು ಬಂದೂಕು ಮತ್ತು ಕುದುರೆಗಳ ಬಲದಿಂದ ಅಜ್ಟೆಕ್ ಸಾಮ್ರಾಜ್ಯವನ್ನು ಗೆದ್ದರು." ಗೈಡುಗಳಲ್ಲಿ ಹೀಗೇ ಇದೆ, ಯೂಟ್ಯೂಬ್ ಪಾಠಗಳಲ್ಲೂ ಹೀಗೇ ಇದೆ. ಮಕ್ಕಳನ್ನು ಬೈದು ಪ್ರಯೋಜನವಿಲ್ಲ. ಆದರೆ ಈ ಒಂದು ವಾಕ್ಯದಿಂದ, ಸ್ಪೇನಿನವರ ಜೊತೆ ನಿಂತು ಹೋರಾಡಿದ ತ್ಲಾಷ್ಕಾಲಾ ನಾಡಿನವರೂ ಸೇರಿ ಲಕ್ಷಗಟ್ಟಲೆ ಜನ ಕಾಣೆಯಾಗಿಬಿಡುತ್ತಾರೆ. ಅದು ನನಗೆ ಸಹಿಸಲು ಆಗುವುದಿಲ್ಲ.

ಐನೂರು ಅನ್ನುವುದು ಸುಳ್ಳೇನಲ್ಲ. 1519ರ ಫೆಬ್ರವರಿಯಲ್ಲಿ ಸ್ಪೇನಿನವರ ದಂಡನಾಯಕ ಹರ್ನಾನ್ ಕೋರ್ಟೆಸ್ ಕ್ಯೂಬಾ ಬಿಟ್ಟಾಗ ಅವನ ಜೊತೆ 11 ಹಡಗು, ಸುಮಾರು 500 ಸೈನಿಕರು, 16 ಕುದುರೆಗಳು ಇದ್ದವು. ಇದು ಹೊರಟಾಗಿನ ಲೆಕ್ಕ. ಈಗಿನ ಮೆಕ್ಸಿಕೋ ನಗರದ ಜಾಗದಲ್ಲಿದ್ದ ಅಜ್ಟೆಕರ ರಾಜಧಾನಿ ಟೆನೋಚ್ಟಿಟ್ಲಾನ್ ಬಿದ್ದದ್ದು 1521ರ ಆಗಸ್ಟ್ 13ರಂದು. ಆ ಹೊತ್ತಿಗೆ ಸ್ಪೇನಿನವರೇ ಒಂಬೈನೂರರ ಹತ್ತಿರ ಇದ್ದರು. ಅವರ ಪಕ್ಕದಲ್ಲಿ ನಿಂತು ಹೋರಾಡುತ್ತಿದ್ದ ಸ್ಥಳೀಯ ಸೈನಿಕರು ಹತ್ತಾರು ಸಾವಿರ. ಸರಿಯಾದ ಸಂಖ್ಯೆ ಹೇಳಲು ಯಾರಿಂದಲೂ ಆಗುವುದಿಲ್ಲ. ಆ ಕಾಲದ ಬರಹಗಳಲ್ಲಿ ಒಂದೊಂದರದ್ದು ಒಂದೊಂದು ಲೆಕ್ಕ. ಆದರೆ ಯಾವ ಲೆಕ್ಕ ಹಿಡಿದರೂ ಒಬ್ಬ ಸ್ಪೇನಿನವನಿಗೆ ಹಲವು ಪಟ್ಟು ಸ್ಥಳೀಯರು ಅನ್ನುವುದರಲ್ಲಿ ಅನುಮಾನವಿಲ್ಲ.

ಆ ಸ್ಥಳೀಯರಲ್ಲಿ ಮುಖ್ಯರು ತ್ಲಾಷ್ಕಾಲಾದವರು. ಟೆನೋಚ್ಟಿಟ್ಲಾನ್‌ನ ಪೂರ್ವಕ್ಕೆ, ಬೆಟ್ಟಗಳ ಆಚೆ ಇದ್ದ ನಾಡು ಅದು. ಒಬ್ಬ ರಾಜ ಇರಲಿಲ್ಲ. ಮುಖಂಡರು ಕೂತು ಚರ್ಚೆ ಮಾಡಿ ತೀರ್ಮಾನಿಸುತ್ತಿದ್ದರು. ಅಜ್ಟೆಕರ ಅಧೀನದ ಊರುಗಳು ಸುತ್ತ ಬೆಳೆಯುತ್ತಾ ಬಂದು, ತ್ಲಾಷ್ಕಾಲಾಕ್ಕೆ ಹೊರಗಿನ ವ್ಯಾಪಾರವೇ ಕಟ್ಟಾಗಿತ್ತು. ನಮಗೆ ಉಪ್ಪಿಲ್ಲ, ಉಡಲು ಹತ್ತಿಯಿಲ್ಲ ಎಂದು ಅವರು ಹೇಳಿಕೊಂಡದ್ದು ಕೋರ್ಟೆಸ್‌ನ ಪತ್ರದಲ್ಲೇ ದಾಖಲಾಗಿದೆ. ಆಗಾಗ ಯುದ್ಧ, ಸೆರೆ ಸಿಕ್ಕವರ ಬಲಿ. ಒಂದು ವರ್ಷ ಇದನ್ನು ಹೇಳುತ್ತಿದ್ದಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, "ಮೇಡಂ, ಉಪ್ಪಿಲ್ಲದೆ ಎಷ್ಟು ವರ್ಷ ಉಂಡರು?" ಎಂದು ಕೇಳಿದಳು. ಎಷ್ಟು ಖುಷಿಯಾಯಿತು ಅಂದ್ರೆ, ಆ ದಿನದ ಪಾಠ ಬಿಟ್ಟು ಉಪ್ಪಿನ ವಿಷಯವೇ ಮಾತಾಡಿದೆವು. ಪ್ರಶ್ನೆ ಅಂದರೆ ಹಾಗಿರಬೇಕು. ತಲೆಮಾರುಗಟ್ಟಲೆ ಸಪ್ಪೆ ಉಂಡವರಿಗೆ ಶತ್ರು ಯಾರು ಎಂದು ಬೇರೆಯವರು ಹೇಳಿಕೊಡಬೇಕಿರಲಿಲ್ಲ.

ಆದರೂ ಅವರು ಸುಮ್ನೆ ಓಡಿ ಬಂದು ಸ್ಪೇನಿನವರ ಕೈ ಹಿಡಿಯಲಿಲ್ಲ. 1519ರ ಸೆಪ್ಟೆಂಬರ್‌ನಲ್ಲಿ ಕೋರ್ಟೆಸ್ ಅವರ ಗಡಿ ದಾಟಿದಾಗ ಮೊದಲು ಹೊಡೆದಾಡಿದರು. ಬೇಗ ಸೋಲಿಸಲು ಆಗುವುದಿಲ್ಲ, ಜೊತೆ ಸೇರಿಸಿಕೊಂಡರೆ ಪ್ರಯೋಜನ ಜಾಸ್ತಿ ಎಂದು ಕಂಡ ಮೇಲೆ ಒಪ್ಪಂದ ಮಾಡಿಕೊಂಡರು.

ಇಲ್ಲಿಗೆ ಬರುವಷ್ಟರಲ್ಲಿ ತರಗತಿಯಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ: "ಹಾಗಾದರೆ ಅವರು ದ್ರೋಹಿಗಳು." ನನ್ನ ಗಂಟಲು ಒಣಗುವುದು ಇಲ್ಲಿಯೇ. ದ್ರೋಹ ಆಗಬೇಕಾದರೆ ಮೊದಲು "ನಾವು" ಅನ್ನುವುದೊಂದು ಇರಬೇಕು, ಅಲ್ವಾ? 1519ರಲ್ಲಿ ಅಮೆರಿಕ ಅನ್ನುವ ಒಂದು ದೇಶ ಇರಲಿಲ್ಲ, ಮೆಕ್ಸಿಕೋ ಅನ್ನುವ ಈಗಿನ ದೇಶವೂ ಇರಲಿಲ್ಲ. ಇಂಡಿಯನ್ನರು ಎಂದು ಅವರೆಲ್ಲರನ್ನೂ ಒಂದೇ ಗಂಟಿಗೆ ಕಟ್ಟಿದ್ದು ಯುರೋಪಿನವರು. ತ್ಲಾಷ್ಕಾಲಾದವನಿಗೆ ಅವನ ನಾಡೇ ತನ್ನ ನಾಡು. ಟೆನೋಚ್ಟಿಟ್ಲಾನ್‌ನವನು ಅವನ ಪಾಲಿಗೆ ಶತ್ರು. ಅಟ್ಲಾಂಟಿಕ್ ದಾಟಿ ಬಂದ ಗಡ್ಡದವನು ಹೊಸಬ, ಅಷ್ಟೇ. ತ್ಲಾಷ್ಕಾಲಾ, ಟೆನೋಚ್ಟಿಟ್ಲಾನ್ ಎರಡರ ಭಾಷೆಯೂ ಒಂದೇ, ನಾವಾಟ್ಲ್. ದೇವರುಗಳೂ ಹೆಚ್ಚುಕಡಿಮೆ ಒಂದೇ. ಭಾಷೆ, ದೇವರು ಒಂದಾದ ಮಾತ್ರಕ್ಕೆ ಎರಡು ರಾಜ್ಯಗಳು ಒಂದಾಗುವುದಿಲ್ಲ. ಇದನ್ನು ನಾನು ಹೇಳುತ್ತಲೇ ಇದ್ದೇನೆ, ಹೇಳುತ್ತಲೇ ಇರುತ್ತೇನೆ.

ನಮ್ಮ ಕರಾವಳಿಯಲ್ಲೇ ನೋಡಿ. 1510ರಲ್ಲಿ ಗೋವಾ ಬಿಜಾಪುರದ ಆದಿಲ್ ಶಾಹಿಗಳ ಕೈಯಲ್ಲಿತ್ತು. ಅದರ ಮೇಲೆ ಬೀಳಲು ಪೋರ್ಚುಗೀಸರ ನಾಯಕ ಅಲ್ಬುಕರ್ಕ್‌ಗೆ ಸಲಹೆ ಕೊಟ್ಟು ತನ್ನ ಹಡಗುಗಳೊಂದಿಗೆ ಜೊತೆಗೆ ಹೋದವನು ಹೊನ್ನಾವರದ ತಿಮ್ಮೋಜ. ಅವನು "ಭಾರತ"ಕ್ಕೆ ದ್ರೋಹ ಮಾಡಿದ ಎಂದರೆ ಅವನಿಗೆ ನಮ್ಮ ಮಾತೇ ಅರ್ಥವಾಗುತ್ತಿರಲಿಲ್ಲ. ಅವನ ಲೆಕ್ಕಾಚಾರ ಬೇರೆ ಇತ್ತು. ಆ ಲೆಕ್ಕಾಚಾರ ಸರಿಯೋ ತಪ್ಪೋ ಎಂದು ವಾದ ಮಾಡೋಣ. ಆದರೆ ಇವತ್ತಿನ ನಕ್ಷೆ ಹಿಡಿದು ಐನೂರು ವರ್ಷ ಹಿಂದಿನವರಿಗೆ ತೀರ್ಪು ಕೊಡುವುದು ಬೇಡ.

ತ್ಲಾಷ್ಕಾಲಾ ಇಲ್ಲದಿದ್ದರೆ ಏನಾಗುತ್ತಿತ್ತು? ಇಂಥ "ಆಗಿದ್ದರೆ" ಪ್ರಶ್ನೆಗಳಿಗೆ ಉತ್ತರಿಸುವಾಗ ನಾನು ಎಚ್ಚರದಿಂದಿರುತ್ತೇನೆ. ಆದರೆ 1520ರ ಜೂನ್ 30ರ ರಾತ್ರಿ ಏನಾಯಿತು ಎಂದು ನಮಗೆ ಗೊತ್ತಿದೆ. ಸರೋವರದ ನಡುವಿನ ಟೆನೋಚ್ಟಿಟ್ಲಾನ್‌ನಲ್ಲಿ ಸೇರಿಕೊಂಡಿದ್ದ ಸ್ಪೇನಿನವರು ಅಲ್ಲಿಂದ ಕಟ್ಟೆದಾರಿ ಹಿಡಿದು ಓಡಿದರು. ನೂರಾರು ಜನ ಸತ್ತರು. ಫಿರಂಗಿಗಳು ನೀರುಪಾಲಾದವು. ಬಂದೂಕು, ಕುದುರೆ ಎರಡೂ ಇದ್ದವು, ಆದರೂ ಸೋತರು! ಉಳಿದವರು ಗಾಯಗೊಂಡು ತಲುಪಿದ್ದು ತ್ಲಾಷ್ಕಾಲಾಕ್ಕೆ. ಅದೇ ಹೊತ್ತಿಗೆ ಅಜ್ಟೆಕರ ದೂತರೂ ಅಲ್ಲಿಗೆ ಬಂದರು: ಹಳೆಯದನ್ನು ಮರೆಯೋಣ, ಸೇರಿ ಇವರನ್ನು ಮುಗಿಸೋಣ ಎಂದು. ಮುಖಂಡರ ಸಭೆಯಲ್ಲಿ ಜಗಳವೇ ಆಯಿತು. ಕಿರಿಯ ಶಿಕೊಟೆಂಕಾಟ್ಲ್ ದೂತರ ಪರ ನಿಂತ. ಮಾಷಿಷ್ಕಾಟ್ಸಿನ್ ವಿರೋಧಿಸಿದ. ಮಾಷಿಷ್ಕಾಟ್ಸಿನ್ ಮಾತು ಗೆದ್ದಿತು. ಕಿರಿಯ ಶಿಕೊಟೆಂಕಾಟ್ಲ್‌ನನ್ನು ಮುಂದಿನ ವರ್ಷ ಕೋರ್ಟೆಸ್ ಗಲ್ಲಿಗೇರಿಸಿದ. ಆ ಸಭೆ ಎಷ್ಟು ದೊಡ್ಡ ತಿರುವು ಎಂದು ಯೋಚಿಸಿ. ನಮ್ಮ ಗೈಡುಗಳಲ್ಲಿ ಅದಕ್ಕೆ ಒಂದು ಸಾಲೂ ಇಲ್ಲ.

ನಾನು ತರಗತಿಯಲ್ಲಿ ನಿಧಾನವಾಗಿ ಹೇಳುವುದು ಹಡಗುಗಳ ಕಥೆಯನ್ನು. ನೀರಿನ ನಡುವಿನ ನಗರವನ್ನು ಮುತ್ತಬೇಕಾದರೆ ದೋಣಿಗಳ ಮೇಲೆ ಹಿಡಿತ ಬೇಕು. ಹಾಗಾಗಿ ಮಾರ್ಟಿನ್ ಲೋಪೆಸ್ ಎಂಬ ಹಡಗು ಕಟ್ಟುವವನ ಕೈಕೆಳಗೆ 13 ಸಣ್ಣ ಹಡಗುಗಳು ತಯಾರಾದವು. ಎಲ್ಲಿ? ಸಮುದ್ರದಿಂದ ಎಷ್ಟೋ ದೂರದ ತ್ಲಾಷ್ಕಾಲಾದಲ್ಲಿ. ಮರ ಅಲ್ಲಿನ ಕಾಡಿನದು. ಕಬ್ಬಿಣ, ಹಗ್ಗ, ಹಾಯಿಬಟ್ಟೆ ಕರಾವಳಿಯ ಹಳೆ ಹಡಗುಗಳಿಂದ ತಂದದ್ದು. ಹಲಗೆಗಳನ್ನು ಬಿಚ್ಚಿ, ಹೆಗಲ ಮೇಲೆ ಹೊತ್ತು, ಬೆಟ್ಟ ಹತ್ತಿಳಿದು ಸರೋವರದ ದಡದ ಟೆಷ್ಕೊಕೊವರೆಗೆ ಸಾಗಿಸಿದರು. ಹೊತ್ತವರು ಎಂಟು ಸಾವಿರ ಜನ ಎಂದು ಕೋರ್ಟೆಸ್ ಬರೆದಿದ್ದಾನೆ. ಅಲ್ಲಿ ಗಾಡಿಗಳಿರಲಿಲ್ಲ, ಹೊರೆ ಹೊರುವ ಎತ್ತುಗಳೂ ಇರಲಿಲ್ಲ. ಇದ್ದದ್ದು ಮನುಷ್ಯರ ಬೆನ್ನು ಮಾತ್ರ. ನೀರಿಗಿಳಿಸಲು ಕಾಲುವೆ ತೋಡಿದವರೂ ಸ್ಥಳೀಯರೇ. "ಸ್ಪೇನಿನವರ ತಂತ್ರಜ್ಞಾನ" ಎಂದು ಬರೆಯುವಾಗ ಈ ಎಂಟು ಸಾವಿರ ಹೆಗಲುಗಳನ್ನೂ ಬರೆಯಿರಿ.

ಸಿಡುಬಿನ ಬಗ್ಗೆಯೂ ಒಂದು ಮಾತು. 1520ರಲ್ಲಿ ಬಂದ ಈ ರೋಗ ಅಜ್ಟೆಕರ ದೊರೆ ಕ್ವಿಟ್ಲಾವಾಕ್‌ನನ್ನು ಪಟ್ಟಕ್ಕೆ ಬಂದ ಕೆಲವೇ ತಿಂಗಳಲ್ಲಿ ಕೊಂದಿತು. ಇದನ್ನು ಮಕ್ಕಳು ಬರೆಯುತ್ತಾರೆ, ಸಂತೋಷ. ಆದರೆ ಅದೇ ಸಿಡುಬು ತ್ಲಾಷ್ಕಾಲಾದ ಮಾಷಿಷ್ಕಾಟ್ಸಿನ್‌ನನ್ನೂ ಕೊಂದಿತು. ರೋಗ ಪಕ್ಷ ನೋಡಲಿಲ್ಲ. ಸತ್ತವರು ಇಷ್ಟೇ ಪಾಲು ಎಂದು ಯಾರಾದರೂ ಖಚಿತವಾಗಿ ಹೇಳಿದರೆ ಸ್ವಲ್ಪ ಅನುಮಾನದಿಂದಲೇ ನೋಡಿ.

ಹಾಗಾದರೆ "ಕೆಲವೇ ನೂರು ಜನ" ಅನ್ನುವ ಕಥೆ ಎಲ್ಲಿಂದ ಬಂತು? ದೊಡ್ಡ ಪಾಲು ಗೆದ್ದವರ ಅರ್ಜಿಗಳಿಂದ. ಕೋರ್ಟೆಸ್ ಕ್ಯೂಬಾದ ಗವರ್ನರ್ ವೆಲಾಸ್ಕೆಸ್‌ನ ಮಾತು ಮೀರಿ ಹೊರಟವನು. ದೊರೆಯ ಕೃಪೆ ಸಿಗದಿದ್ದರೆ ತಲೆಗೇ ಅಪಾಯ. ಅವನ ಪತ್ರಗಳಲ್ಲಿ ಸಾಹಸ ಅವನದ್ದಾಗಿ ಕಾಣುವುದು ಸಹಜ. ಕೂಲಿಗೆ ಬದಲು ಭೂಮಿ, ಪದವಿ ಕೇಳುತ್ತಿದ್ದ ಇತರ ಸೈನಿಕರೂ ಹಾಗೆಯೇ ಬರೆದರು.

ಅರ್ಜಿ ಬರೆಯುವುದರಲ್ಲಿ ತ್ಲಾಷ್ಕಾಲಾದವರೂ ಹಿಂದೆ ಬೀಳಲಿಲ್ಲ. ನಾವು ಗೆಲ್ಲಿಸಿಕೊಟ್ಟೆವು, ಮಾತು ಕೊಟ್ಟಂತೆ ನಡೆದುಕೊಳ್ಳಿ ಎಂದು ಸ್ಪೇನಿನ ದೊರೆಯನ್ನು ಮತ್ತೆ ಮತ್ತೆ ಕೇಳಿದರು. 16ನೇ ಶತಮಾನದ ನಡುವಿನಲ್ಲಿ ತಮ್ಮ ಯುದ್ಧಗಳನ್ನೆಲ್ಲ ದೊಡ್ಡ ಬಟ್ಟೆಯ ಮೇಲೆ ಚಿತ್ರ ಬರೆಸಿದರು. ಮೂಲ ಈಗ ಇಲ್ಲ, ನಕಲುಗಳಿವೆ. ಅದರಲ್ಲಿ ಕೋರ್ಟೆಸ್ ಮತ್ತು ಅವನ ದುಭಾಷಿ ಮಲಿಂಟ್ಸಿನ್ ಪಕ್ಕದಲ್ಲಿ ಗರಿಗಳ ಯುದ್ಧವೇಷ ತೊಟ್ಟ ತ್ಲಾಷ್ಕಾಲಾದ ಯೋಧರು ಕಾಣುತ್ತಾರೆ. ಸ್ಪೇನಿನವರು ಕೊಟ್ಟ ಮಾತುಗಳಲ್ಲಿ ಕೆಲವು ನಡೆದವು, ಕೆಲವು ನಡೆಯಲಿಲ್ಲ. 1591ರಲ್ಲಿ ಉತ್ತರದ ಗಡಿಯಲ್ಲಿ ನೆಲೆಸಲು 400 ಕುಟುಂಬಗಳನ್ನು ಕಳಿಸಿ ಎಂದು ವೈಸ್‌ರಾಯ್ ಕೇಳಿದಾಗ ಅವರು ಮೊದಲು ಷರತ್ತುಗಳನ್ನು ಮುಂದಿಟ್ಟರು: ತೆರಿಗೆ ಇರಬಾರದು, ಕುದುರೆ ಏರಲು, ಆಯುಧ ಹಿಡಿಯಲು ಹಕ್ಕು ಬೇಕು. ಬರಹದಲ್ಲಿ ಒಪ್ಪಿಗೆ ಸಿಕ್ಕ ಮೇಲೆಯೇ ಹೊರಟರು.